ಹಣೆಯ ಬರಹವೂ ಹಸೆಯ ಬರಹವೂ

ಕನ್ನಡಿಗರು ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿರುವರು. ಕಾಗದ ಬರೆಯುತ್ತೇವೆ, ಲೆಕ್ಕ ಬರೆಯುತ್ತೇವೆ, ಪಟವನ್ನೂ ಬರೆಯುತ್ತೇವೆ. ಶಿಶುವು ಹುಟ್ಟಿದೊಡನೆ ಅದರ ಹಣೆಯ ಮೇಲೆ ವಿಧಿಯು ಬರೆದು ಹೋಗುವುದೆಂದು ನಂಬಿದ ಜನರು, ಬಾಳಿನಲ್ಲಿ ಯಾವ ಅನರ್ಥವು ಒದಗಿದರೂ ಹಣೆಬರಹವೆಂದು ನಿಟ್ಟುಸಿರಿಟ್ಟು ಸುಮ್ಮನಾಗುವುದುಂಟು. ಸೊರಬ, ಸಾಗರದ ಸೀಮೆಗಳಲ್ಲಾದರೋ, ಮದುವೆಯ ಮನೆಯ ಗೋಡೆಯ ಮೇಲೆ ಹೆಂಗಸರು ಚಿತ್ತಾರ ತೆಗೆಯುವುದಕ್ಕೆ ಹಸೆ ಬರೆಯುವುದೆಂದು ಹೆಸರು. ಒಂದು ಬರಹವನ್ನು ಕಣ್ಣಿಗೆ ಕಾಣದ ಕೈಯೊಂದು ಹೆಣ್ಣಿನ ದೇಹದ ಮೇಲೆ ಬರೆದಿರುತ್ತದೆ. ಇನ್ನೊಂದನ್ನು ಹೆಣ್ಣೇ ತನ್ನ ಕೈಯಾರೆ ಗೋಡೆಯ ಮೇಲೆ ಬರೆಯುತ್ತಾಳೆ. ಈ ಎರಡು ಬರಹಗಳಿಗಿರುವ ಸಂಬಂಧವನ್ನೂ, ಎರಡನೆಯದನ್ನು ಬರೆದವಳಿಗೆ ನಾಡು ಸಲ್ಲಿಸಬೇಕಾಗಿ ಉಳಿದಿರುವ ಬಾಕಿಯನ್ನೂ ಮಹಾಜನರ ಮುಂದಿಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಶಿಕಾರಿಪುರ ತಾಲ್ಲೂಕಿನ ಅಂಜನಾಪುರವು ಕುಮುದ್ವತೀ ನದಿಗೆ ಕಟ್ಟಿದ ಜಲಾಶಯದಿಂದ ಹೆಸರಾದ ಊರು. ಆ ಹೆಸರಿನಲ್ಲಿರುವ ಅಂಜನವೆಂಬ ಶಬ್ದವೂ ನಮ್ಮ ಪ್ರಕೃತ ವಿಷಯಕ್ಕೆ ಒಪ್ಪುವಂತಿದೆ. ಮದುವಣಗಿತ್ತಿಯ ಕಣ್ಣಿಗೆ ತೀಡುವ ಕಪ್ಪು ಅಂಜನ. ಕಳೆದುಹೋದುದನ್ನೂ ಮುಂದೆ ಬರತಕ್ಕುದನ್ನೂ ತಿಳಿಯಬೇಕೆಂದು ಹಳ್ಳಿಗರು ವೀಳ್ಯದೆಲೆಗೆ ಹಚ್ಚಿ ನೋಡಿಸುವ ಕಪ್ಪೂ ಅಂಜನವೇ. ರೂಪವನ್ನು ತಿದ್ದುವ ವಸ್ತುವಿಗೂ ವಿಧಿಯನ್ನು ಹುಡುಕುವ ವಸ್ತುವಿಗೂ ನಮ್ಮ ಭಾಷೆಯು ಒಂದೇ ಹೆಸರನ್ನಿಟ್ಟಿರುವುದು ಆಲೋಚಿಸತಕ್ಕ ಸಂಗತಿಯಾಗಿದೆ. ಈ ಊರಿನಿಂದ ಹೊರಟು ಶಿಕಾರಿಪುರವನ್ನು ಹಾದು ಶಿರಾಳಕೊಪ್ಪದ ಕಡೆಗೆ, ಅಲ್ಲಿಂದ ಸೊರಬದ ಕಡೆಗೆ ನಡೆದವರಿಗೆ, ಮನುಷ್ಯದೇಹವನ್ನೇ ಮುಂದಿಟ್ಟುಕೊಂಡು ‘ನಾನು ಯಾರು, ನನ್ನ ಗತಿ ಏನು’ ಎಂದು ಕೇಳಿದವರ ಗುರುತುಗಳು ದಾರಿಯುದ್ದಕ್ಕೂ ಕಂಡುಬರುತ್ತವೆ.

ಕಲ್ಲಿನಲ್ಲಿ ನಿಂತ ದೇಹಗಳು

ರೈಸ್ ಸಾಹೇಬರು 1902ರಲ್ಲಿಯೂ 1904ರಲ್ಲಿಯೂ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳು ಸಂಗ್ರಹವಾಗಿವೆ. ಅವುಗಳಲ್ಲಿ ವೀರಗಲ್ಲುಗಳ ಬರಹಗಳು ಹೇರಳವಾಗಿರುತ್ತವೆ. ವೀರಗಲ್ಲಿನ ಕ್ರಮವನ್ನು ವಾಚಕರು ಬಲ್ಲರು. ಕೆಳಗಿನ ಅಂತಸ್ತಿನಲ್ಲಿ ತುರುವಿಗಾಗಿಯೋ ಊರಿಗಾಗಿಯೋ ಕಾದುವ ದೇಹ. ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವ ದೇಹ. ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ದೇಹ. ಒಬ್ಬನೇ ಮನುಷ್ಯನ ಮೂರು ಗತಿಗಳನ್ನು ಒಂದೇ ಚಪ್ಪಡಿಯ ಮೇಲೆ ಶಿಲ್ಪಿಯು ತೋರಿಸಿರುವನು. ಸೋಜಿಗವೇನೆಂದರೆ, ಈ ಕಲ್ಲುಗಳಲ್ಲಿ ಮುಖವು ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಸತ್ತವನು ಯಾರೆಂಬುದನ್ನು ಮುಖವು ಹೇಳುವುದಿಲ್ಲ; ಪಟ್ಟಿಕೆಯ ಮೇಲಿನ ಬರಹವು ಹೇಳುತ್ತದೆ. ದೇಹವು ಎಲ್ಲರದು, ಹೆಸರು ಮಾತ್ರ ಅವನದು.

ಮಾಸ್ತಿಕಲ್ಲಿನ ಸ್ಥಿತಿಯು ಇದಕ್ಕಿಂತ ದಾರುಣವಾದುದು. ಅನೇಕ ಕಲ್ಲುಗಳಲ್ಲಿ ಹೆಣ್ಣಿನ ಪೂರ್ಣ ಆಕಾರವೇ ಇರುವುದಿಲ್ಲ. ಕಂಬವೊಂದರಿಂದ ಹೊರಚಾಚಿದ, ಬಳೆ ತೊಟ್ಟ ತೋಳೊಂದೇ ಇರುತ್ತದೆ. ಗಂಡನ ಚಿತೆಯಲ್ಲಿ ಉರಿದುಹೋದವಳ ಇಡಿಯ ಬಾಳಿನಲ್ಲಿ ಸಮಾಜವು ಉಳಿಸಿಕೊಂಡುದು ಮುತ್ತೈದೆತನದ ಗುರುತಾದ ಆ ತೋಳು, ಆ ಬಳೆ. ಈ ಕ್ರೂರ ಪದ್ಧತಿಯನ್ನು ನಮ್ಮ ಪೂರ್ವಿಕರ ಹಿರಿಮೆಯೆಂದು ಕೊಂಡಾಡುವವರು, ಕೈಯೊಂದನ್ನುಳಿದು ಮಿಕ್ಕ ಹೆಣ್ಣು ಎಲ್ಲಿ ಹೋದಳೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಬಳ್ಳಿಗಾವೆಯಲ್ಲಿ ಬನವಾಸಿಯ ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡಸ್ತಂಭವಿದೆ. ಸುಮಾರು 30 ಅಡಿಗಳ ಆ ಕಂಬದ ತುದಿಯಲ್ಲಿರುವ ಮೂರ್ತಿಗೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆಗಳು. ಮೈಸೂರಿನ ಅರಮನೆಯ ಲಾಂಛನದಲ್ಲಿಯೂ, ಈಗಿನ ರಾಜ್ಯಸರ್ಕಾರದ ಲಾಂಛನದಲ್ಲಿಯೂ ನಾವು ಕಾಣುವ ಪಕ್ಷಿರೂಪದ ಭೇರುಂಡಕ್ಕೆ ಇಲ್ಲಿ ಮನುಷ್ಯನ ಕೈಕಾಲುಗಳಿರುವುದನ್ನು ಕಂಡಾಗ, ಪ್ರಭುವೆಂಬವನ ದೇಹವು ಎಲ್ಲಿ ಮುಗಿಯುವುದು, ಅವನ ಬಲವೆಂಬುದು ಎಲ್ಲಿ ಮೊದಲಾಗುವುದು ಎಂದು ಶಿಲ್ಪಿಯು ಕೇಳಿದಂತೆ ತೋರುತ್ತದೆ.

ಇದೇ ನೆಲವು ಅಲ್ಲಮಪ್ರಭುವನ್ನೂ ಅಕ್ಕಮಹಾದೇವಿಯನ್ನೂ ಕೊಟ್ಟಿತೆಂಬುದನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅಲ್ಲಮನು ಬಳ್ಳಿಗಾವೆಯವನು; ಅಕ್ಕನು ಉಡುತಡಿಯವಳು. ಅರಸನ ಮನೆಯನ್ನೂ ಉಟ್ಟ ಉಡುಗೆಯನ್ನೂ ತೊರೆದು, ಕೂದಲನ್ನೇ ಹೊದಿಕೆಯಾಗಿ ಮಾಡಿಕೊಂಡು ಕಲ್ಯಾಣಕ್ಕೆ ನಡೆದ ಆ ತರುಣಿಯು, ಹೆಣ್ಣಿನ ದೇಹವು ತಂದೆಯದೋ, ಗಂಡನದೋ, ನೋಡುವವನ ಕಣ್ಣಿನದೋ ಎಂಬ ವಿವಾದವನ್ನು 12ನೆಯ ಶತಮಾನದಲ್ಲಿಯೇ ತನ್ನ ನಡೆಯಿಂದ ತೀರಿಸಿದಳು. ಹಣೆಬರಹವನ್ನು ಒಪ್ಪದ ಹೆಣ್ಣು ಈ ನಾಡಿಗೆ ಹೊಸಬಳಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಮ್ಮ ಕೆಲಸಕ್ಕೆ ಹೆಸರು ಹಾಕಿದ ಇಬ್ಬರನ್ನೂ ಇಲ್ಲಿಯೇ ಹೇಳಬೇಕು. ಬಳ್ಳಿಗಾವೆಗೆ ಹತ್ತಿರದ ತಾಳಗುಂದದಲ್ಲಿ 5ನೆಯ ಶತಮಾನದ ಕದಂಬರ ಸ್ತಂಭಶಾಸನವಿದೆ. ಅದರ ಸಂಸ್ಕೃತಕಾವ್ಯವನ್ನು ರಚಿಸಿದವನು ಕುಬ್ಜನೆಂಬ ಕವಿ. ಅದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿರುವನು. ಕುಬ್ಜನೆಂದರೆ ಗೂನುಬೆನ್ನಿನವನು. ದೇಹದ ಊನವನ್ನು ಹೇಳುವ ಪದವನ್ನೇ ಹೆಸರಾಗಿ ಹೊತ್ತವನು ಅದನ್ನು ಮರೆಮಾಡದೆ ಕಲ್ಲಿನಲ್ಲಿ ಕಡೆದಿಟ್ಟನು. ಎರಡನೆಯವನು ಬಳ್ಳಿಗಾವೆಯ ದಾಸೋಜ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇವನೂ ಇವನ ಮಗ ಚಾವಣನೂ ಮದನಿಕೆಯರನ್ನು ಕಡೆದು, ಅವುಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿರುವರು. ದಾಸೋಜನು ತನ್ನ ಊರಿನ ಹೆಸರನ್ನೂ ಬಿಟ್ಟಿಲ್ಲ. ಹೆಣ್ಣಿನ ದೇಹವನ್ನು ಲೋಕವೇ ಬೆರಗಾಗುವಂತೆ ಕಡೆದ ಗಂಡಸಿನ ಹೆಸರನ್ನು ಒಂಬತ್ತು ನೂರು ವರ್ಷಗಳು ಕಳೆದ ಮೇಲೆಯೂ ನಾವು ಬಲ್ಲೆವು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ಗೋಡೆಯ ಮೇಲಿನ ಮದುಮಕ್ಕಳು

ಸೊರಬ, ಸಾಗರ, ಹೊಸನಗರದ ಸೀಮೆಗಳಲ್ಲಿಯೂ ಉತ್ತರಕನ್ನಡದ ಸಿದ್ದಾಪುರದ ಕಡೆಯಲ್ಲಿಯೂ ನೆಲೆಸಿರುವ ದೀವರು ಬೇಸಾಯವನ್ನು ನಂಬಿದ ಜನ. ಅವರ ಹೆಂಗಸರು ಮದುವೆಗೆ ಮುಂಚೆ ಮನೆಯ ಗೋಡೆಯನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಹಸೆಚಿತ್ತಾರ ಬರೆಯುವರು. ಬಿಳಿಯ ಬಣ್ಣಕ್ಕೆ ಅಕ್ಕಿಯನ್ನು ನೆನೆಯಿಟ್ಟು ಅರೆದ ಹಿಟ್ಟು. ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿ. ಹಳದಿಗೆ ಗುರಿಗೆಯ ಬೀಜ. ಕುಂಚವೆಂದರೆ ಪುಂಡಿನಾರಿನ ಎಳೆಗಳು. ಅಂಗಡಿಯಿಂದ ತರತಕ್ಕ ವಸ್ತುವೊಂದೂ ಇದರಲ್ಲಿಲ್ಲ. ಹಾಡಿಕೊಳ್ಳುತ್ತ ಹೆಂಗಸರು ಎಳೆಯ ಮೇಲೆ ಎಳೆಯನ್ನೆಳೆದು ಚೌಕಟ್ಟು ಕಟ್ಟುವರು. ಅದರೊಳಗೆ ಗೋಪುರದಂತಹ, ಮಂಟಪದಂತಹ ಆಕಾರಗಳು. ಅಲ್ಲಲ್ಲಿ ಮದುಮಕ್ಕಳು, ದಂಡಿಗೆ ಹೊತ್ತವರು, ವಾದ್ಯದವರು, ಹಕ್ಕಿಗಳು, ಬತ್ತದ ತೆನೆಗಳು. ಈ ಗೋಡೆಯ ಮುಂದೆ ಹಾಸಿದ ಹಸೆಯ ಮೇಲೆ ವಧೂವರರು ಕೂಡುವರು.

ಇಲ್ಲಿಯ ಮನುಷ್ಯರನ್ನು ಕೊಂಚ ನಿಂತು ನೋಡಬೇಕು. ದೇಹವೆಂದರೆ ಮುಕ್ಕೋನವೊಂದು, ನಾಲ್ಕಾರು ಗೆರೆಗಳು. ಮೂಗಿಲ್ಲ, ಬಾಯಿಲ್ಲ, ಅಳುವಿಲ್ಲ, ನಗೆಯಿಲ್ಲ. ವಧುವನ್ನೂ ದಂಡಿಗೆಯವನನ್ನೂ ಬರೆದ ಗೆರೆ ಒಂದೇ ದಪ್ಪದ್ದು. ಶಾಲೆಯಲ್ಲಿ ಇಂಗ್ಲಿಷ್ ಪದ್ಧತಿಯ ಡ್ರಾಯಿಂಗನ್ನು ಕಲಿತವರು ಇದನ್ನು ನೋಡಿ, ಪಾಪ, ಇವರಿಗೆ ಅಂಗಸಾದೃಶ್ಯ ಬಾರದೆಂದು ಮರುಗುವುದುಂಟು. ಈ ಅಭಿಪ್ರಾಯವು ಸರಿಯಲ್ಲವೆಂದು ನಾವು ತಿಳಿಯುತ್ತೇವೆ. ಅಳತೆಗೋಲಿಲ್ಲದೆ ಮಾರುದ್ದದ ಗೆರೆಯನ್ನು ತಪ್ಪದೆ ಎಳೆಯಬಲ್ಲ ಕೈಗೆ ಮೂಗು ಕಣ್ಣುಗಳನ್ನು ಬರೆಯುವುದು ಅಸಾಧ್ಯವೆಂಬುದು ನಂಬತಕ್ಕ ಮಾತಲ್ಲ. ಆ ಗೋಡೆಯ ಮುಂದೆ ಕೂಡತಕ್ಕವಳಿಗೆ ಮುಖವುಂಟು; ಗೋಡೆಯ ಮೇಲಿರುವವಳಿಗೆ ಅದು ಬೇಕಿಲ್ಲ. ಅಜ್ಜಿ ಕೂತ ಹಸೆಯಲ್ಲಿ ತಾಯಿಯು ಕೂತಳು, ತಾಯಿ ಕೂತಲ್ಲಿ ಮಗಳು ಕೂಡುವಳು. ಮುಖಗಳು ಬಂದು ಹೋಗುತ್ತವೆ, ಸ್ಥಾನವು ನಿಲ್ಲುತ್ತದೆ. ಒಬ್ಬಳ ಗತಿಯನ್ನು ಬರೆಯದೆ ಎಲ್ಲರ ಗತಿಯನ್ನು ಬರೆಯುವ ಈ ರೀತಿಯಲ್ಲಿ ಒಂದು ಸಾಂತ್ವನವೂ ಇದೆ, ಒಂದು ಕಠೋರತೆಯೂ ಇದೆ. ಬಿಳುಪೂ ಕಪ್ಪೂ ಒಂದೇ ಅಕ್ಕಿಯಿಂದ ಬಂದಿರುವಂತೆ, ಇವೆರಡೂ ಒಂದೇ ಬಾಳಿನಿಂದ ಬಂದಿವೆ.

ಇದೇ ಕೈ ಆಶ್ವಯುಜದ ಭೂಮಿಹುಣ್ಣಿಮೆಯಲ್ಲಿ ಬುಟ್ಟಿಯ ಮೇಲೆಯೂ ಚಿತ್ತಾರ ಬರೆಯುತ್ತದೆ. ಆ ವೇಳೆಗೆ ಹೊಲದಲ್ಲಿ ಬತ್ತವು ಹೊಡೆಗಟ್ಟುತ್ತಿರುತ್ತದೆ. ಭೂಮಿಯು ಬಸುರಿಯೆಂದು ಜನರು ಭಾವಿಸುವರು. ಬಸುರಿಗೆ ಬಯಕೆಯ ಊಟ ಬಡಿಸುವಂತೆ, ಸೊಪ್ಪು ತರಕಾರಿಗಳ ಅಡಿಗೆಯನ್ನು ಭೂಮಣ್ಣಿ ಬುಟ್ಟಿಯಲ್ಲಿಟ್ಟು ನಸುಕಿನಲ್ಲಿಯೇ ಹೊಲಕ್ಕೆ ಒಯ್ದು ಬೀರುವರು. ಹೆಣ್ಣಿನ ದೇಹವನ್ನು ಭೂಮಿಗೆ ಹೋಲಿಸುವ ಕವಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಭೂಮಿಯನ್ನೇ ಹೆಣ್ಣೆಂದು ತಿಳಿದು ಅವಳ ಹಸಿವೆಯನ್ನು ವಿಚಾರಿಸಿದ ಜನರು ಅಪರೂಪ.

ಮುಖ ಬರೆದ ಚಿತ್ರಗಾರ್ತಿ

ಇದಕ್ಕೆ ಎದುರಾಗಿ ಇನ್ನೊಬ್ಬ ಹೆಣ್ಣು ಬರೆದ ಮದುವಣಗಿತ್ತಿಯನ್ನು ಇಟ್ಟು ನೋಡೋಣ. ಅಮೃತಾ ಶೇರ್‌ಗಿಲ್ ಎಂಬಾಕೆಯು 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದಳು. ತಂದೆ ಪಂಜಾಬಿನ ಸಿಖ್ ಮನೆತನದವರು, ಸಂಸ್ಕೃತವನ್ನು ಬಲ್ಲವರು. ತಾಯಿ ಹಂಗೆರಿ ದೇಶದವರು. ಪ್ಯಾರಿಸಿನಲ್ಲಿ ಚಿತ್ರಕಲೆಯನ್ನು ಕಲಿತು, 1934ರಲ್ಲಿ ತನ್ನನ್ನೇ ತಾಹಿತಿ ದ್ವೀಪದ ಹೆಣ್ಣಿನಂತೆ ಚಿತ್ರಿಸಿಕೊಂಡಳು. ತಾನು ಯಾವ ನೆಲದವಳೆಂಬ ಪ್ರಶ್ನೆಯು ಆಕೆಗೆ ತತ್ತ್ವಶಾಸ್ತ್ರದ ಮಾತಾಗಿರಲಿಲ್ಲ. ಕನ್ನಡಿಯಲ್ಲಿ ದಿನವೂ ಕಾಣುವ ಸಂಗತಿಯಾಗಿತ್ತು. ಅದೇ ವರ್ಷದ ಕೊನೆಗೆ ಭಾರತಕ್ಕೆ ಬಂದು, 1935ರಲ್ಲಿ ಮೂವರು ಹುಡುಗಿಯರ ಚಿತ್ರವನ್ನು ಬರೆದಳು. ಬಣ್ಣದ ಉಡುಗೆಯ ಆ ಮೂವರು ಕಣ್ಣು ತಗ್ಗಿಸಿ, ತಮ್ಮ ಕೈಯಲ್ಲಿಲ್ಲದ ಯಾವುದೋ ತೀರ್ಮಾನವನ್ನು ಕಾಯುತ್ತಿರುವಂತೆ ಕುಳಿತಿರುವರು. ಬೊಂಬಾಯಿಯ ಆರ್ಟ್ ಸೊಸೈಟಿಯವರು ಇದಕ್ಕೆ 1937ರಲ್ಲಿ ಚಿನ್ನದ ಪದಕವನ್ನಿತ್ತರು. ಅಜಂತೆಯನ್ನೂ ದಕ್ಷಿಣದೇಶವನ್ನೂ ಸಂಚರಿಸಿದ ಮೇಲೆ, 1937ರಲ್ಲಿಯೇ, ವಧುವಿನ ಅಲಂಕಾರವೆಂಬ ಚಿತ್ರವನ್ನು ಬರೆದಳು. ನಡುವೆ ಕುಳಿತ ವಧು, ಸುತ್ತ ಅವಳನ್ನು ಸಿಂಗರಿಸುವವರು. ಮದುವೆಯ ಸಡಗರವೆಂಬುದು ಮಾತ್ರ ಅವಳ ಮುಖದಲ್ಲಿಲ್ಲ. ಹಸೆಯ ಗೋಡೆಯು ಬರೆಯದೆ ಬಿಟ್ಟ ಮುಖವನ್ನು ಶೇರ್‌ಗಿಲ್ಲಳು ಬರೆದಳು. ಗೋಡೆಯು ಹೇಳದೆ ಬಿಟ್ಟ ಒಂಟಿತನವನ್ನು ಹೇಳಿದಳು. 1941ರ ದಶಂಬರದಲ್ಲಿ, 28ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ತೀರಿಕೊಂಡಳು.

ಬದುಕಿರುವಾಗ ಆಕೆಯ ಚಿತ್ರಗಳಿಗೆ ಕೊಳ್ಳುವವರು ದುರ್ಲಭರಾಗಿದ್ದರು. ಮೈಸೂರಿನ ಅರಮನೆಯವರು ಆಕೆಯ ಚಿತ್ರಗಳಿಗಿಂತ ರವಿವರ್ಮನ ಚಿತ್ರಗಳನ್ನೇ ಮೆಚ್ಚಿಕೊಂಡರೆಂದು ಆಕೆಯ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1976ರಲ್ಲಿ ಭಾರತ ಸರ್ಕಾರವು ಆಕೆಯ ಕೃತಿಗಳನ್ನು ರಾಷ್ಟ್ರದ ಕಲಾಸಂಪತ್ತೆಂದು ಸಾರಿತು. 1937ರಲ್ಲಿ ಬರೆದ ಆಕೆಯ ಪಟವೊಂದು 2023ರಲ್ಲಿ 61.8 ಕೋಟಿ ರೂಪಾಯಿಗಳಿಗೆ ಹರಾಜಾಯಿತು. ಇದನ್ನು ಅಸೂಯೆಯಿಂದ ಹೇಳುತ್ತಿಲ್ಲ. ಆಕೆಯ ಕಾಲದಲ್ಲಿಯೇ ಸೊರಬದ ಸೀಮೆಯಲ್ಲಿ ಹಸೆ ಬರೆದ ನೂರಾರು ಹೆಂಗಸರಲ್ಲಿ ಒಬ್ಬಳ ಹೆಸರನ್ನಾದರೂ ನಮ್ಮ ಪುಸ್ತಕಗಳಲ್ಲಿ ಹುಡುಕಿ ನೋಡಿರೆಂದು ಮಾತ್ರ ಕೇಳುತ್ತೇವೆ. ಪಟಕ್ಕೆ ಮೂಲೆಯುಂಟು, ಮೂಲೆಯಲ್ಲಿ ರುಜುವಿಗೆ ಸ್ಥಳವುಂಟು. ಗೋಡೆಯಲ್ಲಿ ಹೆಸರು ಹಾಕುವ ವಾಡಿಕೆಯಿಲ್ಲ. ಮುಂದಿನ ಮದುವೆಗೆ ಅದೇ ಗೋಡೆಗೆ ಮತ್ತೆ ಕೆಮ್ಮಣ್ಣು ಬೀಳುತ್ತದೆ.

ಮೂರನೆಯ ಬರಹ

ಹಣೆಯ ಬರಹ, ಹಸೆಯ ಬರಹ ಎಂದು ಎರಡನ್ನು ಹೇಳಿದೆವು. ಈ ಜನರ ಬಾಳನ್ನು ಆಳಿದ ಮೂರನೆಯ ಬರಹವೊಂದಿದೆ. ಅದು ಲೆಕ್ಕದ ಪುಸ್ತಕದ ಬರಹ. ದೀವರಲ್ಲಿ ಬಹುಮಂದಿ ಪರರ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದವರು. ಬೆಳೆಸಿದ ಬತ್ತವು ತಮ್ಮದಲ್ಲ, ಬೆಳೆದ ನೆಲವು ತಮ್ಮದಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಮೊಣಕಾಲಿನಿಂದ ಕೆಳಗೆ ಪಂಚೆಯನ್ನು ಇಳಿಬಿಡಕೂಡದೆಂಬ ಕಟ್ಟುಪಾಡೂ ಇದ್ದಿತೆಂದು ಅಲ್ಲಿಯ ಚಳವಳಿಯ ವಿಷಯವಾಗಿ ಬರೆದವರು ಹೇಳಿರುವರು. ಯಾರ ದೇಹದ ಮೇಲೆ ಎಷ್ಟು ಬಟ್ಟೆಯಿರಬೇಕೆಂಬುದನ್ನು ಇನ್ನೊಬ್ಬನು ಗೊತ್ತುಮಾಡುವುದಕ್ಕಿಂತ ಹೆಚ್ಚಿನ ದಾಸ್ಯವಾವುದು? 1951ರಲ್ಲಿ, ಗೇಣಿಬತ್ತವನ್ನು ಅಳೆಯುವ ಕೊಳಗದ ವಿವಾದದಿಂದ ಮೊದಲಾದ ಕಾಗೋಡು ಸತ್ಯಾಗ್ರಹದಲ್ಲಿ ಈ ಜನರು ಸೆರೆಮನೆಗಳನ್ನು ತುಂಬಿದರು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮುಂದಾಳುಗಳಾದರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ಕೊನೆಗೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಶಾಸನದಿಂದ ಉಳುವವನ ಹೆಸರು ಪಹಣಿಗೆ ಬಂದಿತು.

ಇದರಿಂದ ಹೊರಡುವ ನೀತಿಯು ಸ್ಪಷ್ಟವಾಗಿದೆ. ತಲೆತಲಾಂತರದಿಂದ ಹಣೆಬರಹವೆಂದು ತಿಳಿದಿದ್ದುದರಲ್ಲಿ ಹೆಚ್ಚಿನ ಪಾಲು ವಾಸ್ತವವಾಗಿ ಪಹಣಿಯ ಬರಹವಾಗಿತ್ತು. ಪಹಣಿಯಲ್ಲಿ ಹೆಸರು ಬಂದೊಡನೆ ಗತಿಯು ಬದಲಾಯಿತು. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿದಾಗಲೂ ಮಾಡಿದ್ದು ವಿಧಿಯ ಬರಹವನ್ನು ಅಳಿಸುವ ಕೆಲಸವನ್ನೇ. ಅದಕ್ಕಾಗಿ 1943ರ ಮಾರ್ಚಿ ತಿಂಗಳಲ್ಲಿ ಐವರು ನೇಣುಗಂಬವೇರಿದರು. ಅವರ ಹೆಸರುಗಳನ್ನು ನಾವು ಮರೆತಿಲ್ಲ. ಹಿಂದಿನವರು ವೀರಗಲ್ಲಿನಲ್ಲಿ ಬರೆದಂತೆ ಬರೆದುಕೊಂಡಿದ್ದೇವೆ. ಹೆಸರು ಬರೆದಿಡುವುದೆಂದರೆ ಬರಿಯ ಅಲಂಕಾರವಲ್ಲವೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿಯಾಗಿದೆ.

ಮುಳುಗಿದ ಗೋಡೆಗಳು

ಚಿತ್ತಾರದ ಗೋಡೆಗಳಿಗೆ ಒದಗಿದ ದೊಡ್ಡ ವಿಪತ್ತೆಂದರೆ ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಸಾವಿರಾರು ಕುಟುಂಬಗಳು ನೆಲೆ ತಪ್ಪಿ ಜಿಲ್ಲೆಯ ಬೇರೆ ಬೇರೆ ಕಡೆಗಳಿಗೆ ಚದುರಿದುವು. ಅವರಲ್ಲಿ ದೀವರು ಬಹುಸಂಖ್ಯೆಯಲ್ಲಿದ್ದರು. ಅಂಜನಾಪುರದ ನೀರು ಬಯಲಿಗೆ ಹರಿಯುವುದನ್ನು ಕಂಡು ಹಿಗ್ಗುವ ನಾವು, ನಾಡಿಗೆಲ್ಲ ದೀಪವಿತ್ತ ಶರಾವತಿಯ ನೀರನ್ನು ಹಳಿಯಲಾರೆವು. ಆದರೆ ದೀಪದ ಬೆಲೆಯನ್ನು ಕೊಟ್ಟವರು ಯಾರೆಂಬುದನ್ನು ಮರೆಯುವುದು ಕೃತಘ್ನತೆ. ಪಾತ್ರೆಪದಾರ್ಥಗಳನ್ನು ಗಾಡಿಯಲ್ಲಿ ಹೇರಬಹುದು. ದನಕರುಗಳನ್ನು ಹೊಡೆದುಕೊಂಡು ಹೋಗಬಹುದು. ಪಟವಾದರೆ ಸುತ್ತಿ ಕಂಕುಳಲ್ಲಿಟ್ಟುಕೊಳ್ಳಬಹುದು. ಗೋಡೆಯನ್ನು ಹೊತ್ತೊಯ್ಯುವ ಉಪಾಯವುಂಟೇ? ಆ ಹೆಂಗಸರು ಒಯ್ದುದು ತಮ್ಮ ಬೆರಳುಗಳಲ್ಲಿದ್ದ ನೆನಪನ್ನು ಮಾತ್ರ. ಹೊಸ ನೆಲದಲ್ಲಿ ಹೊಸ ಗೋಡೆಯೆದ್ದಾಗ ಅದೇ ಎಳೆಗಳು ಮತ್ತೆ ಮೂಡಿದುವೆಂದರೆ, ದೇಹವೇ ಅವರ ಗ್ರಂಥಭಂಡಾರವಾಗಿದ್ದಿತು.

ಈಗಿನ ವಿಪತ್ತು ನೀರಿನಂತೆ ಕಾಣಿಸಿಕೊಂಡು ಬರತಕ್ಕುದಲ್ಲ. ಮಣ್ಣಿನ ಗೋಡೆಯ ಸ್ಥಳಕ್ಕೆ ಸಿಮೆಂಟಿನ ಗೋಡೆ ಬಂದಿದೆ. ಮದುವೆಯು ಮನೆಯ ಚಪ್ಪರದಿಂದ ಕಲ್ಯಾಣಮಂಟಪಕ್ಕೆ ಹೋಗಿದೆ. ಹಸೆಯ ಸ್ಥಳದಲ್ಲಿ ವಧೂವರರ ಭಾವಚಿತ್ರಗಳುಳ್ಳ ಫ್ಲೆಕ್ಸ್ ತೂಗುತ್ತದೆ. ಅದರಲ್ಲಿ ಮುಖವೂ ಉಂಟು, ಹೆಸರೂ ಉಂಟು. ಮರುದಿನ ಅದು ಕೊಟ್ಟಿಗೆಯ ಸೂರಿಗೆ ಮರೆಯಾಗುತ್ತದೆ. ಇನ್ನೊಂದು ಕಡೆ, ಕಾಗದದ ಮೇಲೆಯೂ ಬಟ್ಟೆಯ ಮೇಲೆಯೂ ಚಿತ್ತಾರವನ್ನು ಬರೆದು ಮಾರುವ ಕಲಾವಿದರು ಈ ಸೀಮೆಗಳಲ್ಲಿ ಎದ್ದಿದ್ದಾರೆ. ಹೆಂಗಸರೊಡನೆ ಗಂಡಸರೂ ಕುಂಚ ಹಿಡಿದಿದ್ದಾರೆ. ಕೆಲವರಿಗೆ ಮನ್ನಣೆಯೂ ದೊರೆತಿದೆ. ಇದು ಸಂತೋಷದ ವಿಷಯ. ಆದರೆ ಕೈಚೀಲಗಳ ಮೇಲೆಯೂ ಗೃಹಾಲಂಕಾರದ ವಸ್ತುಗಳ ಮೇಲೆಯೂ ಅದೇ ಎಳೆಗಳು ಅಚ್ಚಾಗಿ ಮಾರಾಟವಾಗುವಾಗ, ಅವನ್ನು ಮೊದಲು ಎಳೆದ ಕೈಗೆ ಕಾಸೂ ಇಲ್ಲ, ಕಾಗದದಲ್ಲಿ ಹೆಸರೂ ಇಲ್ಲವೆಂದರೆ, ಗೇಣಿಯ ಕೊಳಗವೇ ಬೇರೆ ವೇಷದಲ್ಲಿ ಹಿಂದಿರುಗಿದಂತಾಗಲಿಲ್ಲವೇ?

ಮಾಡತಕ್ಕ ಕೆಲಸ

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕು. ಜನಪದದ ಚಿತ್ತಾರವು ಸಮುದಾಯದ ಸ್ವತ್ತು. ಅದಕ್ಕೆ ಒಬ್ಬೊಬ್ಬರ ಹೆಸರನ್ನು ಹಚ್ಚುವುದು ಪಾಶ್ಚಾತ್ಯರ ಅಹಂಭಾವವನ್ನು ಅನುಕರಿಸಿದಂತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಕುಬ್ಜನು ಪಾಶ್ಚಾತ್ಯನಾಗಿದ್ದನೇ? ದಾಸೋಜನು ಹೆಸರು ಹಾಕುವುದನ್ನು ಪ್ಯಾರಿಸಿನಲ್ಲಿ ಕಲಿತನೇ? ಸಮುದಾಯದ ಶಿಲ್ಪಶಾಸ್ತ್ರವನ್ನು ಅನುಸರಿಸಿ ಕಡೆದವನೇ ಊರಿನ ಹೆಸರಿನೊಡನೆ ತನ್ನ ಹೆಸರನ್ನು ಕೊರೆದನು. ಅದರಿಂದ ಸಮುದಾಯಕ್ಕೆ ಕೀರ್ತಿ ಬಂದಿತೇ ಹೊರತು ಲೋಪವಾಗಲಿಲ್ಲ. ಗಂಡಸಿಗೆ ಸಲ್ಲುವ ಹೆಸರು ಹೆಂಗಸಿಗೆ ಬಂದಾಗ ಮಾತ್ರ ಅದು ಅಹಂಭಾವವಾಗುವುದೆಂಬ ನ್ಯಾಯವನ್ನು ನಾವು ಒಪ್ಪಲಾರೆವು.

ಆದುದರಿಂದ ಅಧಿಕಾರಿಗಳಲ್ಲಿಯೂ ಮಹಾಜನರಲ್ಲಿಯೂ ನಮ್ಮ ವಿಜ್ಞಾಪನೆಯೇನೆಂದರೆ: ಮೊದಲನೆಯದಾಗಿ, ಸೊರಬ, ಸಾಗರ, ಶಿಕಾರಿಪುರ, ಹೊಸನಗರ ತಾಲ್ಲೂಕುಗಳಲ್ಲಿ ಹಸೆ ಬರೆಯಬಲ್ಲ ಹೆಂಗಸರ ಹೆಸರು, ಊರು, ಕಲಿಸಿದವರ ಹೆಸರುಗಳನ್ನು ಗ್ರಾಮ ಪಂಚಾಯಿತಿಗಳ ಮೂಲಕ ಬರೆದಿಡಬೇಕು. ಜಮೀನಿನ ಗುಂಟೆ ಗುಂಟೆಗೂ ದಾಖಲೆಯಿಡುವ ಸರ್ಕಾರಕ್ಕೆ ಇದು ಭಾರವಾದ ಕೆಲಸವಲ್ಲ. ಎರಡನೆಯದಾಗಿ, ಕಚೇರಿ, ಶಾಲೆ, ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಚಿತ್ತಾರ ಬರೆಯಿಸುವಾಗ ಗುತ್ತಿಗೆದಾರನಿಗೆ ಒಪ್ಪಿಸಿ ಕೈತೊಳೆದುಕೊಳ್ಳದೆ, ಬರೆದವಳಿಗೆ ನೇರವಾಗಿ ಹಣ ಸಲ್ಲಿಸಿ, ಗೋಡೆಯ ಕೆಳಗೆ ಅವಳ ಹೆಸರನ್ನೂ ಊರನ್ನೂ ಬರೆಯಿಸಬೇಕು. ಮೂರನೆಯದಾಗಿ, ಆ ಸೀಮೆಯ ಪಾಠಶಾಲೆಗಳಲ್ಲಿ ಡ್ರಾಯಿಂಗ್ ಪಾಠದ ಒಂದು ಭಾಗವನ್ನು ಊರಿನ ಚಿತ್ರಗಾರ್ತಿಗೆ ವಹಿಸಿ, ಉಪಾಧ್ಯಾಯರಿಗೆ ಕೊಡುವಂತಹ ಗೌರವವನ್ನು ಆಕೆಗೂ ಕೊಡಬೇಕು. ನಾಲ್ಕನೆಯದು ಪಟ್ಟಣವಾಸಿಗಳಾದ ನಮಗೆ ಸೇರಿದುದು. ಚಿತ್ತಾರವನ್ನು ಕೊಳ್ಳುವಾಗ ಬೆಲೆಯನ್ನು ಚೌಕಾಸಿ ಮಾಡುವ ಮೊದಲು, ಬರೆದವರು ಯಾರೆಂದು ಒಂದು ಮಾತು ಕೇಳೋಣ.

ಹಸೆಯ ಮೇಲೆ ಕೂಡುವ ಹುಡುಗಿಯು ಇಂದು ಶಾಲೆಯಲ್ಲಿ ಓದಿದವಳು. ತನ್ನ ಹೆಸರನ್ನು ತಾನು ಬರೆಯಬಲ್ಲಳು. ಅವಳ ಹಣೆಯ ಮೇಲೆ ಬ್ರಹ್ಮನು ಏನು ಬರೆದಿರುವನೋ ನಾವು ಓದಲಾರೆವು. ಬೆನ್ನ ಹಿಂದಿನ ಗೋಡೆಯ ಮೇಲೆ ಅವಳ ಅಜ್ಜಿ ಬರೆದುದನ್ನು ಓದಬಲ್ಲೆವು. ಆ ಗೋಡೆಯ ಕೆಳಗೆ, ಬಳ್ಳಿಗಾವೆಯ ದಾಸೋಜನು ಬರೆದ ರೀತಿಯಲ್ಲಿಯೇ, ಇಂತಹ ಊರಿನ ಇಂತಹವಳು ಬರೆದಳೆಂಬ ಒಂದು ಸಾಲು ಕಾಣುವ ದಿನವನ್ನು ನಾಡು ಬೇಗನೆ ತಂದುಕೊಳ್ಳಲಿ.